ಮಕ್ಕಳ ಆಟವು ಲೆಕ್ಕಕ್ಕಿಲ್ಲವೇ?

ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂಬ ಗಾದೆಯು ಕನ್ನಡ ಸೀಮೆಯಲ್ಲೆಲ್ಲ ಬಳಕೆಯಲ್ಲಿರುವದು. ಚಿಕ್ಕ ಮಗುವೊಂದು ಹಟಮಾಡಿ ದೊಡ್ಡ ಹುಡುಗರ ಆಟದೊಳಗೆ ಸೇರಿಕೊಂಡಾಗ ಅದರ ಸೋಲುಗೆಲವುಗಳನ್ನು ಎಣಿಸದೆ ಓಡಾಡಲು ಬಿಡುವ ಔದಾರ್ಯವು ಆ ಮಾತಿನಲ್ಲಿದೆ. ಆದರೆ ಈಗಿನ ಸುಶಿಕ್ಷಿತ ಗೃಹಸ್ಥರು ಗಾದೆಯನ್ನು ತಿರುವಿಹಾಕಿ, ಮಗುವನ್ನು ಲೆಕ್ಕಕ್ಕೆ ಹಿಡಿದು ಆಟವನ್ನೇ ಲೆಕ್ಕದಿಂದ ತೆಗೆದುಬಿಟ್ಟಿರುವರು. ಮಗುವಿನ ಅಂಕಗಳಿಗೆ ಲೆಕ್ಕವುಂಟು. ಎತ್ತರ ತೂಕಗಳಿಗೆ ಲೆಕ್ಕವುಂಟು. ಶಾಲೆಗೆ ಕಟ್ಟಿದ ಹಣಕ್ಕಂತೂ ಪೈಸೆ ಪೈಸೆಗೆ ಲೆಕ್ಕವುಂಟು. ಅದು ದಿನಕ್ಕೆ ಎಷ್ಟು ಹೊತ್ತು ತನ್ನ ಮನಸ್ಸಿಗೆ ಬಂದಂತೆ ಆಡಿತು, ಆಡುವಾಗ ಏನನ್ನು ಆಡಿತು, ಆಡುವದನ್ನು ಯಾವಾಗ ನಿಲ್ಲಿಸಿತು ಎಂಬುದಕ್ಕೆ ಮಾತ್ರ ಮನೆಯಲ್ಲಿ ಲೆಕ್ಕವಿಡುವವರಿಲ್ಲ.

ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯು ಹೆಸರಿನಲ್ಲಿಯೇ ಬೆಲ್ಲವನ್ನು ಕಟ್ಟಿಕೊಂಡ ಊರು. ತೂಕವೆಂದರೇನು, ಹದವೆಂದರೇನು ಎಂಬುದನ್ನು ಆ ಊರಿನವರಿಗೆ ಹೊರಗಿನವರು ಹೋಗಿ ಕಲಿಸಬೇಕಾದುದಿಲ್ಲ. ಕಬ್ಬಿನ ಗಾಡಿಯು ಸಕ್ಕರೆ ಕಾರಖಾನೆಯ ತೂಕದ ಕಟ್ಟೆಯನ್ನೇರಿದಾಗ ಒಂದು ಕ್ವಿಂಟಲು ಹೆಚ್ಚುಕಡಿಮೆಯಾದರೆ ರೈತನು ಸುಮ್ಮನೆ ಬಿಡನು. ಗಾಣದ ಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವನು ಕುದಿಯುವ ರಸದ ನೊರೆಯನ್ನೇ ನೋಡುತ್ತಿರುವನು. ತುಸು ಮೊದಲು ಇಳಿಸಿದರೆ ಪೆಂಟೆ ಕಟ್ಟದು. ತುಸು ತಡವಾದರೆ ಸೀದುಹೋಗುವದು. ಅವನ ಹತ್ತಿರ ಯಂತ್ರವಿಲ್ಲ; ಕಣ್ಣು ಇದೆ, ನೋಡಿ ನೋಡಿ ಬಂದ ತಿಳಿವಳಿಕೆ ಇದೆ. ಕಬ್ಬಿನ ರಸಕ್ಕೆ ಸಲ್ಲುವ ಈ ಎಚ್ಚರದ ನೋಟವು ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಸಲ್ಲದೆ ಹೋದರೆ ಅದನ್ನು ಏನೆಂದು ಕರೆಯಬೇಕು?

ಹುಕ್ಕೇರಿ, ಗೋಕಾಕ, ಮೂಡಲಗಿ ಈ ಮೂರು ತಾಲೂಕುಗಳ ಪದವೀಧರರ ಮನೆಗಳನ್ನು ಸುಮ್ಮನೆ ಹೊಕ್ಕು ನೋಡಬೇಕು. ನಾಲ್ಕನೆಯ ಇಯತ್ತೆ ಮುಗಿಯುವಷ್ಟರಲ್ಲಿ ಮಗುವಿನ ಸಂಜೆಗಳು ಮಾರಾಟವಾಗಿರುವವು. ನವೋದಯ, ಕಿತ್ತೂರು, ಮೊರಾರ್ಜಿ ಎಂಬ ಮೂರು ಹೆಸರುಗಳು ತಾಯಿತಂದೆಗಳ ಬಾಯಲ್ಲಿ ಮಂತ್ರದಂತೆ ಕುಳಿತಿವೆ. ಆರನೆಯ ಇಯತ್ತೆಗೆ ಪ್ರವೇಶ ಕೊಡುವ ಈ ಶಾಲೆಗಳು ಒಳ್ಳೆಯವೇ. ಬಡವರ ಮಕ್ಕಳು ಅಲ್ಲಿ ಓದಿ ಮುಂದೆ ಬಂದುದು ಸಂತೋಷದ ಮಾತೇ. ಆದರೆ ಅವುಗಳ ಬಾಗಿಲವರೆಗೆ ಕೂಸನ್ನು ಒಯ್ಯಲು ಹುಟ್ಟಿಕೊಂಡ ತಯಾರಿಯ ವರ್ಗಗಳಲ್ಲಿ ಒಂಬತ್ತು ಹತ್ತು ವರ್ಷದ ಮಕ್ಕಳು ನಸುಕಿನಲ್ಲೆದ್ದು ರಾತ್ರಿಯ ತನಕ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತ ಕೂಡ್ರುವರು. ಕೆಲವರು ಮನೆಬಿಟ್ಟು ಅಲ್ಲಿಯೇ ವಸತಿ ಇರುವರು. ಭಾನುವಾರ ಬಂದ ತಾಯಿಯನ್ನು ನೋಡಿ ಮಗು ಅಳದಿದ್ದರೆ 'ಹೊಂದಿಕೊಂಡ' ಎಂದು ಹಿಗ್ಗುವರು. ಅಳುವದನ್ನು ಬಿಟ್ಟ ಮಗು ಹೊಂದಿಕೊಂಡಿತೋ, ಅಥವಾ ಅತ್ತು ಪ್ರಯೋಜನವಿಲ್ಲವೆಂದು ತಿಳಿದುಕೊಂಡಿತೋ ಎಂಬುದನ್ನು ಯಾರೂ ವಿಚಾರಿಸರು.

ಮನೆಯಲ್ಲಿ ಉಳಿದ ಮಗುವಿನ ಪಾಡಾದರೂ ಬೇರೆಯಲ್ಲ. 'ಬರೇ ಆಡಾಕ ಹತ್ತೀಯಲ್ಲೋ, ಓದಾಕ ಕೂಡ್ರು' ಎಂಬುದು ಮನೆಮನೆಯ ಸಾಯಂಕಾಲದ ಮಂಗಳಾರತಿಯಾಗಿದೆ. ಓದಲು ಕುಳಿತ ಮಗುವನ್ನು ಸುಮ್ಮನಿರಿಸಲು ಆಮೇಲೆ ಮೊಬೈಲನ್ನು ಕೈಗೆ ಕೊಡುವವರೂ ಇದೇ ಹಿರಿಯರು. ಆ ಗಾಜಿನಲ್ಲಿ ಕುಣಿಯುವ ಬೊಂಬೆಗಳು ತಾವೇ ಆಡುವವು. ಮಗುವು ಬರೇ ನೋಡುವದು. ಅದನ್ನು ಆಟವೆಂದು ಕರೆಯುವದು ಊಟದ ಚಿತ್ರವನ್ನು ಊಟವೆಂದು ಕರೆದಂತೆಯೇ ಸರಿ.

ಇಷ್ಟಕ್ಕೆಲ್ಲ ಮೂಲವು ಒಂದು ತಪ್ಪು ತಿಳಿವಳಿಕೆ: ಮಗುವಿಗೆ ಎಂಥ ದುಃಖ, ಎಂಬುದು. ತಂದೆತಾಯಿಗಳ ಜಗಳ, ಅಜ್ಜಿಯ ಸಾವು, ತಮ್ಮನು ಹುಟ್ಟಿದ ಮೇಲೆ ತಪ್ಪಿಹೋದ ಮಡಿಲು, ಮಾಸ್ತರರ ಬಡಿತ, ಕುಡಿದು ಬರುವ ಕಾಕಾ, ಸಾಲಗಾರನು ಬಾಗಿಲಲ್ಲಿ ನಿಂತು ಆಡಿದ ಮಾತು, ಇವೆಲ್ಲವೂ ಮಗುವಿನ ತಲೆಯ ಮೇಲಿನಿಂದ ಹಾರಿಹೋಗುವವೆಂದು ದೊಡ್ಡವರು ನಂಬಿರುವರು. ಮಗುವು ಹೇಳುವದಿಲ್ಲ, ಹೇಳಲು ಅದಕ್ಕೆ ಶಬ್ದಗಳು ಸಾಲವು. ಆದರೆ ಅದರ ಮೈ ಹೇಳುವದು. ಎಂಟು ವರ್ಷದವನು ಮತ್ತೆ ಹಾಸಿಗೆಯಲ್ಲಿ ಉಚ್ಚೆ ಹೊಯ್ಯಲಾರಂಭಿಸುವನು. ಶಾಲೆಯ ಹೊತ್ತಿಗೆ ಸರಿಯಾಗಿ ಹೊಟ್ಟೆ ನೋಯುವದು. ಮಾತಿನ ಮಲ್ಲಿಯಾಗಿದ್ದ ಹುಡುಗಿ ಮೂಕಿಯಂತೆ ಮೂಲೆ ಹಿಡಿಯುವಳು. ಕಾರಣವಿಲ್ಲದೆ ತಂಗಿಯನ್ನು ಚಿವುಟುವರು. ಆಗ ಹಿರಿಯರು ದೃಷ್ಟಿ ತೆಗೆಯುವರು. ಅದರಿಂದ ಕೇಡೇನೂ ಇಲ್ಲ. ಮೆಣಸಿನಕಾಯಿ ಸುಡುವಷ್ಟು ಹೊತ್ತಾದರೂ ತಾಯಿಯು ಮಗುವಿನ ಮುಖವನ್ನು ನೆಟ್ಟಗೆ ನೋಡುವಳಲ್ಲಾ! ಕೇಡು ಇರುವದು ಅದರ ಮುಂದಿನ ಹೆಜ್ಜೆಯಲ್ಲಿ. ದೃಷ್ಟಿಗೆ ಬಗ್ಗದ್ದಕ್ಕೆ ಬೆತ್ತವು ಮದ್ದಾಗುವದು.

ಹೊರಗಿನ ಜಗತ್ತು ಈ ವಿಷಯವನ್ನು ಶಾಸ್ತ್ರವೆಂದು ಬಗೆದು ನೂರು ವರ್ಷಗಳಾದವು. 1920ರ ದಶಕದಲ್ಲಿ ಬರ್ಲಿನ್ ನಗರದಲ್ಲಿ ಮೆಲನಿ ಕ್ಲೈನ್ ಎಂಬ ವಿದುಷಿಯು ತನ್ನ ಹತ್ತಿರ ಬರುವ ಮಕ್ಕಳ ಮುಂದೆ ಚಿಕ್ಕ ಚಿಕ್ಕ ಆಟಿಗೆಗಳನ್ನಿಟ್ಟು, ಅವರು ಆಡುವ ಬಗೆಯಿಂದ ಅವರ ಒಳಗಿನ ಭಯವನ್ನು ಓದಲು ತೊಡಗಿದಳು. ಆಕೆಯು ಪ್ರತಿಯೊಂದು ಮಗುವಿನ ಆಟಿಗೆಗಳಿಗೆ ಬೇರೆ ಬೇರೆ ಬೀಗದ ಪೆಟ್ಟಿಗೆಯನ್ನಿಡುತ್ತಿದ್ದಳೆಂಬ ಸಣ್ಣ ಸಂಗತಿಯು ಗಮನಿಸತಕ್ಕದ್ದು. ತನ್ನ ಗುಟ್ಟು ತನ್ನ ಪೆಟ್ಟಿಗೆಯಲ್ಲಿ ಭದ್ರವಾಗಿದೆಯೆಂಬ ನಂಬಿಗೆ ಮಗುವಿಗೂ ಬೇಕಷ್ಟೆ. 1928ರಲ್ಲಿ ಮಾರ್ಗರೇಟ್ ಲೋವೆನ್‌ಫೆಲ್ಡ್ ಎಂಬ ವೈದ್ಯೆಯು ಲಂಡನ್ನಿನಲ್ಲಿ ಮಕ್ಕಳಿಗಾಗಿ ಒಂದು ಚಿಕಿತ್ಸಾಲಯವನ್ನು ತೆರೆದಳು. ಅಲ್ಲಿ ಉಸುಕು ತುಂಬಿದ ತಟ್ಟೆಯೊಂದು, ಮನೆ ಮರ ದನ ಮನುಷ್ಯರ ಸಣ್ಣ ಬೊಂಬೆಗಳು ಇದ್ದವು. ಮಕ್ಕಳು ಆ ಉಸುಕಿನಲ್ಲಿ ಊರು ಕಟ್ಟಿದರು, ಕೆಡಿಸಿದರು. ಅದಕ್ಕೆ ಅವರೇ 'ಜಗತ್ತು' ಎಂದು ಹೆಸರಿಟ್ಟರು. ಅಮೇರಿಕೆಯಲ್ಲಿ ವರ್ಜೀನಿಯಾ ಆಕ್ಸ್‌ಲೈನ್ ಎಂಬಾಕೆಯು 1947ರಲ್ಲಿ ಪ್ರಕಟಿಸಿದ ಗ್ರಂಥವು ಈ ವಿದ್ಯೆಗೆ ಕಟ್ಟುಪಾಡುಗಳನ್ನು ಹಾಕಿಕೊಟ್ಟಿತು. ಕನ್ನಡದಲ್ಲಿ ಇದನ್ನು ಆಟದ ಚಿಕಿತ್ಸೆಯೆಂದೋ ಕ್ರೀಡಾಚಿಕಿತ್ಸೆಯೆಂದೋ ಕರೆಯಬಹುದು. ಎರಡನೆಯ ಹೆಸರು ಮಲ್ಲಖಂಬವನ್ನು ನೆನಪಿಸುವದರಿಂದ ಮೊದಲನೆಯದೇ ಲೇಸು.

ಆ ಕಟ್ಟುಪಾಡುಗಳು ನೋಡಲು ಸರಳ, ನಡೆಸಲು ಕಠಿಣ. ಗೊತ್ತಾದ ದಿನ, ಗೊತ್ತಾದ ಹೊತ್ತು, ಗೊತ್ತಾದ ಕೋಣೆ. ಆಟಿಗೆಗಳೂ ದಿನಾಲು ಅವೇ. ಮಗುವು ಮುಂದೆ, ಚಿಕಿತ್ಸಕನು ಹಿಂದೆ. ಅವನು ಕಲಿಸುವದಿಲ್ಲ, ತಿದ್ದುವದಿಲ್ಲ, ಹೊಗಳುವದಿಲ್ಲ, ತೆಗಳುವದಿಲ್ಲ, 'ಇದು ಯಾಕೆ ಹೀಗೆ ಮಾಡಿದಿ' ಎಂದು ಅಡ್ಡಪ್ರಶ್ನೆ ಕೇಳುವದಿಲ್ಲ. ಮಗುವು ಬೊಂಬೆಯನ್ನು ಉಸುಕಿನಲ್ಲಿ ಹೂತರೆ, 'ಇವಳಿಗೆ ಯಾರೂ ಕಾಣದಂತೆ ಅಡಗಬೇಕಾಗಿದೆ' ಎಂದು ಕಂಡುದನ್ನು ಕಂಡಷ್ಟೇ ನುಡಿಯುವನು. ತನ್ನ ಸಿಟ್ಟಿಗೆ ಹೆಸರುಂಟು, ಆ ಸಿಟ್ಟನ್ನು ಕಂಡೂ ಈ ಮನುಷ್ಯನು ಓಡಿಹೋಗಲಿಲ್ಲ, ಬಡಿಯಲಿಲ್ಲ ಎಂಬ ಅನುಭವವೇ ಅಲ್ಲಿಯ ಔಷಧ. ಹಾಗಾದರೆ ಸ್ವೇಚ್ಛೆಯೇ? ಅಲ್ಲ. ಬೊಂಬೆಯನ್ನು ಬಡಿಯಬಹುದು, ಮನುಷ್ಯರನ್ನು ಬಡಿಯಲಾಗದು. ಹೊತ್ತು ಮುಗಿದರೆ ಏಳಲೇಬೇಕು. ಮೇರೆ ಇರುವದರಿಂದಲೇ ಅಲ್ಲಿ ಮಗುವಿಗೆ ಧೈರ್ಯ.

ಇದೆಲ್ಲ ಪರದೇಶದ ಹುಚ್ಚು ಎಂದು ಮೂಗುಮುರಿಯುವ ಪಂಡಿತರು ತಮ್ಮ ನಾಡಿನ ಒಂದು ಶಬ್ದವನ್ನು ಮರೆತಿರುವರು. ಈ ಸೀಮೆಯಲ್ಲಿ ನಾಟಕಕ್ಕೆ ಹೆಸರೇನು? ಆಟ! ದೊಡ್ಡಾಟ, ಸಣ್ಣಾಟ, ಬಯಲಾಟ. ಗೋಕಾಕ ಸೀಮೆಯ ಕೌಜಲಗಿಯ ಹೆಸರನ್ನು ನಾಡಿಗೆಲ್ಲ ಹಬ್ಬಿಸಿದ ಶ್ರೀಕೃಷ್ಣ ಪಾರಿಜಾತವೂ ಆಟವೇ. ಸಂಗ್ಯಾ ಬಾಳ್ಯಾ ಎಂಬುದೂ ಆಟವೇ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಇಂಥ ಆಟಗಳನ್ನು ನೋಡುತ್ತ ಬೆಳೆದು ಜ್ಞಾನಪೀಠದವರೆಗೆ ನಡೆದರು. ಬೆಳತನಕ ಕಂಬಳಿ ಹೊದ್ದು ಕುಳಿತು ಸತ್ಯಭಾಮೆಯ ಮತ್ಸರಕ್ಕೆ ನಕ್ಕು, ಸಂಗ್ಯಾನ ಸಾವಿಗೆ ಅತ್ತು, ಎದೆ ಹಗುರ ಮಾಡಿಕೊಂಡು ಮನೆಗೆ ಬರುವ ಹಿರಿಯನು ತನ್ನ ಆಟವನ್ನು ಕಲೆಯೆಂದು ಕರೆಯುವನು. ಅವನ ಮಗಳು ಹಿತ್ತಲಲ್ಲಿ ಹರಕು ಅರಿವೆಯ ಬೊಂಬೆಗೆ ಜ್ವರ ಬರಿಸಿ, ಸೂಜಿ ಚುಚ್ಚಿ, 'ಸುಮ್ಕಿರವ್ವಾ, ಆತು ಆತು' ಎಂದು ಸಂತಯಿಸಿದರೆ ಅದು ಮಾತ್ರ ಕಾಲಹರಣ! ಎರಡರಲ್ಲಿಯೂ ನಡೆಯುವ ಕೆಲಸ ಒಂದೇ. ಹೊರಲಾರದ್ದನ್ನು ಬೊಂಬೆಯ ಮೇಲೆ, ಪಾತ್ರದ ಮೇಲೆ ಹೊರಿಸಿ ನೋಡುವದು.

2019ನೆಯ ಆಗಸ್ಟ ತಿಂಗಳನ್ನು ಈ ಸೀಮೆಯು ಮರೆಯಲಾರದು. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಒಮ್ಮೆಗೇ ದಂಡೆ ಮೀರಿ, ಗೋಕಾಕ ಪಟ್ಟಣದ ಓಣಿಗಳು ನೀರಲ್ಲಿ ನಿಂತವು. ನದಿಯ ಬದಿಯ ಹಳ್ಳಿಗಳ ಜನರು ಶಾಲೆಗಳಲ್ಲಿ, ಗುಡಿಗಳಲ್ಲಿ, ಸಮುದಾಯ ಭವನಗಳಲ್ಲಿ ತಿಂಗಳುಗಟ್ಟಲೆ ಎಣಿಸಿದ ದಿನಗಳನ್ನು ನೂಕಿದರು. ಅನ್ನ, ಕಂಬಳಿ, ಔಷಧಗಳು ಬಂದವು, ನಾಡಿನ ಜನರು ಕೈಬಿಚ್ಚಿ ಕೊಟ್ಟರು, ಅದಕ್ಕೆ ಕೃತಘ್ನರಾಗಬಾರದು. ಆದರೆ ಪರಿಹಾರದ ನಿಯಮಗಳಲ್ಲಿ ಬಿದ್ದ ಮನೆಗೆ ಕಲಮು ಇತ್ತು, ಹೋದ ಬೆಳೆಗೆ ಇತ್ತು, ಸತ್ತ ದನಕ್ಕೆ ಇತ್ತು. ಅಪ್ಪನ ಹೆಗಲ ಮೇಲೆ ಕುಳಿತು ಕತ್ತಲೆಯ ನೀರನ್ನು ದಾಟಿದ ಐದು ವರ್ಷದ ಕೂಸಿನ ಎದೆಗುದಿಗೆ ಕಲಮು ಇರಲಿಲ್ಲ. ಗೊತ್ತಿರಲಿಲ್ಲವೆಂದು ಹೇಳುವಂತೆಯೂ ಇಲ್ಲ. ವಿಪತ್ತಿಗೊಳಗಾದವರ ಮಾನಸಿಕ ಆರೈಕೆಯ ಕುರಿತು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಹತ್ತು ವರ್ಷ ಮೊದಲೇ, 2009ರಲ್ಲಿ, ಮಾರ್ಗಸೂಚಿಯನ್ನು ಅಚ್ಚುಹಾಕಿಸಿತ್ತು.

ಇಂಥ ಮಕ್ಕಳಿಗೆ ಆಟವು ಏನು ಮಾಡುವದೆಂಬುದಕ್ಕೆ ಎರಡನೆಯ ಮಹಾಯುದ್ಧದ ಒಂದು ದೃಷ್ಟಾಂತವುಂಟು. ಲಂಡನ್ನಿನ ಮೇಲೆ ಬಾಂಬುಗಳು ಬಿದ್ದಾಗ ಮನೆ ಕಳೆದುಕೊಂಡ ಮಕ್ಕಳನ್ನು ಆನಾ ಫ್ರಾಯ್ಡ್ ಮತ್ತು ಡೊರೋಥಿ ಬರ್ಲಿಂಗಹ್ಯಾಮ್ ಇವರು ಹ್ಯಾಂಪ್‌ಸ್ಟೆಡ್ ಎಂಬಲ್ಲಿ ಸಾಕಿದರು. ಅವರು ಬರೆದಿಟ್ಟವುಗಳಲ್ಲಿ ಬರ್ಟಿ ಎಂಬ ನಾಲ್ಕು ವರ್ಷದ ಹುಡುಗನ ಸಂಗತಿಯಿದೆ. ಅವನ ತಂದೆಯು ಬಾಂಬಿಗೆ ಬಲಿಯಾಗಿದ್ದನು. ಹುಡುಗನು ಅದನ್ನು ಒಪ್ಪಲೊಲ್ಲನು. ಅವನು ಕಾಗದದ ಪುಟ್ಟ ಮನೆಗಳನ್ನು ಮಾಡಿ ಅವುಗಳ ಮೇಲೆ ಗೋಲಿಗಳನ್ನು ಬಾಂಬುಗಳಂತೆ ಬೀಳಿಸುವನು. ಆದರೆ ಅವನ ಆಟದಲ್ಲಿ ಯಾರೂ ಸಾಯರು, ಮನೆಗಳು ಮತ್ತೆ ನೆಟ್ಟಗಾಗಲೇಬೇಕು. ಇದೇ ಆಟವು ಮತ್ತೆ ಮತ್ತೆ, ಬೇಸರವಿಲ್ಲದೆ, ತಿಂಗಳುಗಳ ವರೆಗೆ ನಡೆಯಿತು. ಯಾರೂ ಅವನ ಕೈಯ ಗೋಲಿಯನ್ನು ಕಸಿದುಕೊಂಡು ಅಕ್ಷರಮಾಲೆಯನ್ನು ಕೊಡಲಿಲ್ಲ. ಒಂದು ದಿನ ಅವನು ತಂದೆಯ ಸಾವಿನ ಕತೆಯನ್ನು ತಾನೇ ಬಾಯಿಬಿಟ್ಟು ಹೇಳಿದನು. ಅಂದಿನಿಂದ ಆ ಆಟವು ನಿಂತಿತು. ಗೋಕಾಕದ ನೆರೆಯ ತರುವಾಯ ಶಾಲೆಯ ಜಗಲಿಯಲ್ಲಿ ಕಾಗದದ ದೋಣಿಯನ್ನು ಮುಳುಗಿಸುತ್ತ ಕುಳಿತ ಮಗುವೊಂದು ಇದ್ದಿದ್ದರೆ, ಅದರ ಬೆನ್ನಮೇಲೆ ಹೊಡೆತ ಬೀಳದೆ ಇರುತ್ತಿತ್ತೇ?

ಇಲ್ಲಿ ಇನ್ನೊಂದು ಪಕ್ಷದವರನ್ನು ಎದುರಿಸಬೇಕಾಗುವದು. ಇವರು ಆಟದ ಶತ್ರುಗಳಲ್ಲ, ಭಕ್ತರು; ಆದುದರಿಂದಲೇ ಇವರ ವಾದವು ಹೆಚ್ಚು ಮೋಹಕ. ಹಳ್ಳಿಯ ಮಗುವಿಗೆ ಚಿಕಿತ್ಸಕನೇಕೆ, ಹಿರಿಯರು ಎಲ್ಲವನ್ನೂ ಮಾಡಿಟ್ಟಿದ್ದಾರೆ, ಎನ್ನುವರು. ಮಣ್ಣೆತ್ತಿನ ಅಮಾವಾಸ್ಯೆಗೆ ಮಗುವು ತನ್ನ ಕೈಯಿಂದಲೇ ಎತ್ತುಗಳನ್ನು ಮಾಡುವದು; ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಗುಳ್ಳವ್ವನನ್ನು ಮಣ್ಣಿನಿಂದ ತಿದ್ದಿ ಕೂಡಿಸಿ ಹಾಡುವರು; ಪಂಚಮಿಗೆ ಜೋಕಾಲಿ; ಬೊಂಬೆಯ ಮದುವೆಯಲ್ಲಿ ಬೀಗಿತಿಯರ ಜಗಳವನ್ನು ಏಳು ವರ್ಷದವಳು ಹಾವಭಾವಸಹಿತವಾಗಿ ಆಡಿತೋರಿಸುವಳು; ಬಗರಿ, ಚಿಣಿಫಣಿ, ಲಗೋರಿ, ಗಜ್ಜುಗಗಳ ಮಾತಂತೂ ಬೇಡ. ಇದೆಲ್ಲ ನಿಜ, ಅಕ್ಷರಶಃ ನಿಜ. ಗುಳ್ಳವ್ವನನ್ನು ಮಾಡಿದ ಕೈಗಳು ಲೋವೆನ್‌ಫೆಲ್ಡ್ ಬಾಯಿಯ ಉಸುಕಿನ ತಟ್ಟೆಗೆ ಬೆರಗಾಗಬೇಕಾದುದಿಲ್ಲ. ಆದರೆ ಈ ಭಕ್ತರ ಮನೆಯಲ್ಲಿಯೇ ಕಳೆದ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳು ಎಲ್ಲಿಂದ ಬಂದವೆಂದು ವಿಚಾರಿಸಬೇಕು. ಸಂತೆಯಿಂದ ಕೊಂಡು ತಂದು ಜಗಲಿಯ ಮೇಲಿಟ್ಟು, ಮುಟ್ಟಿದರೆ ಮುರಿದಾವೆಂದು ಮಗುವನ್ನು ದೂರ ಸರಿಸಿ ಪೂಜೆ ಮಾಡಿದವರೇ ಹೆಚ್ಚು. ಗುಳ್ಳವ್ವನ ಹೆಸರನ್ನು ಅರಿಯದ ಹುಡುಗಿಯರು ಪಟ್ಟಣದಲ್ಲಿಯೇ ಅಲ್ಲ, ಹಳ್ಳಿಯಲ್ಲಿಯೂ ಇದ್ದಾರೆ. ಇಲ್ಲದ ಹಬ್ಬವನ್ನು ಮುಂದೆಮಾಡಿ ಇರುವ ಮಗುವಿಗೆ ನೆರವು ಬೇಡವೆನ್ನುವದು ಯಾವ ನ್ಯಾಯ?

ಅದಕ್ಕೂ ಮಿಗಿಲಾದ ಮಾತೊಂದುಂಟು. ಎಲ್ಲ ಆಟವೂ ತಾನಾಗಿಯೇ ಗಾಯವನ್ನು ಮಾಯಿಸುವದಿಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾ ಎಂಬ ಊರಿನಲ್ಲಿ ದುಷ್ಟರು ಶಾಲೆಯ ಬಸ್ಸನ್ನು ತಡೆದು 26 ಮಕ್ಕಳನ್ನು ಅಪಹರಿಸಿ ನೆಲದೊಳಗೆ ಹುಗಿದಿಟ್ಟರು. ಮಕ್ಕಳು ಬದುಕಿ ಹೊರಬಂದರು. ಆ ಮಕ್ಕಳನ್ನು ವರ್ಷಗಟ್ಟಲೆ ಅಭ್ಯಸಿಸಿದ ಲೆನೋರ್ ಟೆರ್ ಎಂಬ ವೈದ್ಯೆಗೆ ಒಂದು ಸಂಗತಿ ಗೋಚರವಾಯಿತು. ಕೆಲವರು ಅಪಹರಣದ ಆಟವನ್ನೇ ಆಡುತ್ತಿದ್ದರು. ಆದರೆ ಆ ಆಟದಲ್ಲಿ ನಗೆಯಿರಲಿಲ್ಲ, ಬದಲಾವಣೆಯಿರಲಿಲ್ಲ, ಮುಗಿತಾಯವಿರಲಿಲ್ಲ. ಗಾಣದ ಎತ್ತಿನಂತೆ ಸುತ್ತಿದಲ್ಲಿಯೇ ಸುತ್ತುವ ಆಟವದು. ಆಡಿದಷ್ಟೂ ಭಯವು ಹೆಚ್ಚುತ್ತ ಹೋಗುವದು. ಬರ್ಟಿಯ ಆಟವು ಒಂದು ದಿನ ಬಾಗಿಲು ತೆರೆಯಿತು, ಇವರದು ತೆರೆಯಲಿಲ್ಲ. ಯಾವ ಆಟವು ಬಾಗಿಲಕಡೆಗೆ ನಡೆದಿದೆ, ಯಾವದು ಗಾಣಕ್ಕೆ ಕಟ್ಟಿಹೋಗಿದೆ ಎಂದು ಗುರುತಿಸಲು, ಕಟ್ಟಿಹೋದುದನ್ನು ಮೆಲ್ಲಗೆ ಬಿಚ್ಚಲು, ಕಲಿತ ಕಣ್ಣು ಬೇಕು. ಮನೆಯ ಅಡಿಗೆಯು ಎಷ್ಟೇ ಆರೋಗ್ಯಕರವಾಗಿರಲಿ, ಎಲುಬು ಮುರಿದಾಗ ಕಟ್ಟುವವನ ಹತ್ತಿರ ಹೋಗಲೇಬೇಕಲ್ಲವೇ?

ಮೂರನೆಯವರು ಆಟವನ್ನು ಪಾಠದ ಆಳಾಗಿ ದುಡಿಸುವವರು. ಸಕ್ಕರೆಯಲ್ಲಿ ಕಹಿ ಗುಳಿಗೆಯನ್ನು ಬಚ್ಚಿಟ್ಟಂತೆ ಆಟದೊಳಗೆ ಮಗ್ಗಿಯನ್ನು ಬಚ್ಚಿಡುವದೇ ಇವರ ಜಾಣ್ಮೆ. ಮೈಸೂರು ಜಿಲ್ಹೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾಗಿ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿಯು ಕಲಿಕೆಗೆ ಒಳ್ಳೆಯ ದಾರಿಯೇ ಸರಿ. ಬೆತ್ತದ ಶಾಲೆಗಿಂತ ಅದು ಸಾವಿರ ಪಾಲು ಮೇಲು. ಆದರೆ ನಲಿ-ಕಲಿಯಲ್ಲಿ ಕೊನೆಗೆ ಬರುವದು ಕಲಿ ಎಂಬ ಶಬ್ದ. ಇಲ್ಲಿ ಪ್ರಸ್ತುತವಾದ ಆಟದ ಕೊನೆಗೆ ಏನೂ ಬರುವದಿಲ್ಲ. ಅದರಿಂದ ಅಂಕ ಹೆಚ್ಚುವದೆಂದು ಯಾರೂ ಮಾತುಕೊಡಲಾರರು. ಮಗುವು ಆಡುವಾಗ ಬಾಳೆಹಣ್ಣಿಗೆ ನೀಲಿ ಬಣ್ಣ ಹಚ್ಚಿದರೆ, ಬಾಳೆಹಣ್ಣು ಹಳದಿಯೆಂದು ತಿದ್ದದೆ ಇರುವ ತಾಳ್ಮೆ ಎಷ್ಟು ಜನ ಪದವೀಧರ ತಾಯಂದಿರಿಗಿದೆ?

ಇನ್ನು ಪ್ರಮಾಣವೇನೆಂದು ಕೇಳುವವರಿಗೆ ಉತ್ತರ ಕೊಡಬೇಕಾದುದು ನ್ಯಾಯವೇ. 2005ರಲ್ಲಿ ಬ್ರಾಟನ್ ಮೊದಲಾದ ಅಮೇರಿಕೆಯ ವಿದ್ವಾಂಸರು ಆಟದ ಚಿಕಿತ್ಸೆಯ ಕುರಿತು ಅಲ್ಲಿಯವರೆಗೆ ನಡೆದ 93 ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದರು. ಚಿಕಿತ್ಸೆ ಪಡೆದ ಮಕ್ಕಳು ಪಡೆಯದವರಿಗಿಂತ ಸ್ಪಷ್ಟವಾಗಿ ಸುಧಾರಿಸಿದ್ದು ಕಂಡುಬಂದಿತು. ಆ ಪ್ರಯೋಗಗಳಲ್ಲಿ ಹಲವು ಸಣ್ಣವು, ಎಲ್ಲವೂ ಸಮಾನ ಬಿಗುವಿನವಲ್ಲ ಎಂಬ ಆಕ್ಷೇಪವು ಸಲ್ಲತಕ್ಕದ್ದೇ. ಆದರೆ ಅವರಿಗೆ ದೊರೆತ ಇನ್ನೊಂದು ಫಲವು ಬೆಲ್ಲದ ಬಾಗೇವಾಡಿಯಂಥ ಊರಿಗೆ ಹೆಚ್ಚು ಬೆಲೆಯುಳ್ಳದ್ದು. ತಜ್ಞರಿಂದ ಆದುದಕ್ಕಿಂತಲೂ, ತಜ್ಞರಿಂದ ಕಲಿತ ತಾಯಿತಂದೆಗಳು ಮನೆಯಲ್ಲಿ ನಡೆಸಿದ ಆಟದಿಂದ ಆದ ಗುಣವು ಹೆಚ್ಚಾಗಿತ್ತು. ಬರ್ನಾರ್ಡ್ ಮತ್ತು ಲೂಯಿಸ್ ಗೆರ್ನಿ ಎಂಬ ದಂಪತಿಗಳು 1960ರ ದಶಕದಲ್ಲಿಯೇ ಈ ಹಾದಿಯನ್ನು ಹಾಕಿದ್ದರು. ವಾರಕ್ಕೊಮ್ಮೆ ಅರ್ಧ ತಾಸು, ಅದೇ ಚಾಪೆ, ಅವೇ ಕೆಲವು ಆಟಿಗೆಗಳು. ಆ ಅರ್ಧ ತಾಸಿನಲ್ಲಿ ತಾಯಿಯು ಕಲಿಸದೆ, ಬಯ್ಯದೆ, ಫೋನು ಎತ್ತದೆ, ಮಗುವು ಕರೆದಲ್ಲಿಗೆ ಹೋಗಬೇಕು. ಇಷ್ಟನ್ನು ಕಲಿಯಲು ಹಲವು ವಾರಗಳ ತಾಲೀಮು ಬೇಕಾಗುವದು. ಯಾಕಂದರೆ ತಿದ್ದುವ ಚಟವು ಬೀಡಿಯ ಚಟಕ್ಕಿಂತ ಕೆಟ್ಟದ್ದು.

ತಜ್ಞರು ಎಲ್ಲಿದ್ದಾರೆ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯಕ್ಕೆ ಬೇರೆ ವಿಭಾಗವೇ ಇದೆ. ಹತ್ತಿರದಲ್ಲಿ ಧಾರವಾಡದ ಡಿಮ್ಹಾನ್ಸ್ ಇದೆ. ಬಾಗೇವಾಡಿಯಿಂದ ಧಾರವಾಡವು ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದರೆ ಹಾದಿಗಿಂತ ನಾಚಿಕೆಯೇ ಉದ್ದವಾದದ್ದು. 'ಧಾರವಾಡಕ್ಕೆ ಕಳಿಸಬೇಕು' ಎಂಬುದು ಈ ಭಾಗದಲ್ಲಿ ಹುಚ್ಚನೆಂದು ಹೀಯಾಳಿಸುವ ಮಾತಾಗಿ ತಲೆಮಾರುಗಳಿಂದ ಬಳಕೆಯಲ್ಲಿದೆ. ಆ ಹಾಸ್ಯವನ್ನು ಆಡಿ ನಗುವ ಪ್ರತಿಯೊಬ್ಬನೂ ಯಾವದೋ ಒಂದು ಮನೆಯ ತಾಯಿಯನ್ನು ಬಸ್ಸಿನ ನಿಲ್ದಾಣದಿಂದ ಹಿಂದಿರುಗಿಸುತ್ತಿರುವನು. ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯು 13ರಿಂದ 17 ವರ್ಷದ ವರೆಗಿನವರಲ್ಲಿ ನೂರಕ್ಕೆ 7.3ರಷ್ಟು ಮಂದಿಗೆ ಮಾನಸಿಕ ತೊಂದರೆಯಿರುವದನ್ನು ಎಣಿಸಿತು. ಆ ವಯಸ್ಸಿಗೆ ಬರುವದರೊಳಗೆ ಆಟದ ಭಾಷೆಯು ಬಹುಮಟ್ಟಿಗೆ ಮರೆತುಹೋಗಿರುವದೆಂಬುದನ್ನು ಇಲ್ಲಿ ನೆನೆಯಬೇಕು.

ಆದುದರಿಂದ ಊರಿನವರೇ ಕಲಿಯಬೇಕು. ಇದು ಆಕಾಶಕ್ಕೆ ಏಣಿ ಹಾಕುವ ಮಾತಲ್ಲ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಹೆಯ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋವೈದ್ಯದ ತಿಳಿವಳಿಕೆಯನ್ನು ಕೊಟ್ಟು ಮಾಡಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಬಳ್ಳಾರಿಯಲ್ಲಿ ದೊಡ್ಡವರಿಗಾಗಿ ಆದುದು ಹುಕ್ಕೇರಿಯಲ್ಲಿ ಮಕ್ಕಳಿಗಾಗಿ ಏಕೆ ಆಗಬಾರದು? 1975ರ ಅಕ್ಟೋಬರ 2ರಿಂದ ಆರಂಭವಾದ ಅಂಗನವಾಡಿಗಳು ಹಳ್ಳಿಹಳ್ಳಿಗೂ ಬಂದಿವೆ. ಅಲ್ಲಿಯ ಕಾರ್ಯಕರ್ತೆಗೆ ಮಗುವಿನ ತೂಕವನ್ನು ಬರೆಯಲು ಪುಸ್ತಕವುಂಟು. ಮಗುವು ಆಡುವದನ್ನು ನಿಲ್ಲಿಸಿದ ದಿನವನ್ನು ಬರೆಯಲು ಒಂದು ಸಾಲು ಹೆಚ್ಚಾದರೆ ಕಾಗದವೇನೂ ಸಾಲದಾಗದು. ಆಕೆಯ ತಲೆಯ ಮೇಲೆ ಈಗಾಗಲೇ ಹತ್ತು ಇಲಾಖೆಗಳ ಹೊರೆಯಿರುವದು ನಿಜ; ಹೊರೆಗೆ ತಕ್ಕ ಸಂಬಳವನ್ನು ಕೇಳಲು ಆಕೆಯ ಜೊತೆಗೆ ಸುಶಿಕ್ಷಿತರೂ ದನಿಗೂಡಿಸಬೇಕು. ಶಾಲೆಗಳ ವಿಷಯದಲ್ಲಿಯೋ, 2009ರ ಶಿಕ್ಷಣ ಹಕ್ಕಿನ ಕಾಯಿದೆಯೇ ಆಟದ ಬಯಲನ್ನೂ ಆಟದ ಸಾಮಾನುಗಳನ್ನೂ ಕಡ್ಡಾಯ ಮಾಡಿದೆ. ಅದರ 17ನೆಯ ಕಲಮು ಹೊಡೆತವನ್ನೂ ಮನಸ್ಸಿಗೆ ಹಿಂಸೆಮಾಡುವದನ್ನೂ ನಿಷೇಧಿಸಿದೆ. ಊರ ಶಾಲೆಯ ಬಯಲಲ್ಲಿ ಟ್ರ್ಯಾಕ್ಟರುಗಳು ನಿಂತಾಗ ಈ ಕಲಮುಗಳನ್ನು ಓದಿ ಹೇಳಲು ಒಬ್ಬ ವಕೀಲನಾದರೂ ಮುಂದೆ ಬರಬಾರದೇ?

ಒಂದು ಎಚ್ಚರಿಕೆ. ಹೊಸ ವಿದ್ಯೆಯ ಬೆನ್ನಿಗೆ ಹೊಸ ಮೋಸವೂ ಬರುವದುಂಟು. ನಾಲ್ಕು ದಿನದ ತರಬೇತಿಯ ಪ್ರಮಾಣಪತ್ರವನ್ನು ಗೋಡೆಗೆ ತೂಗಿಬಿಟ್ಟು, ಪ್ಲಾಸ್ಟಿಕ್ಕಿನ ಬಣ್ಣದ ಕೋಣೆಯನ್ನು ತೋರಿಸಿ ತಾಸಿಗೆ ಸಾವಿರಗಟ್ಟಲೆ ಕೇಳುವವರಿಂದ ದೂರವಿರಬೇಕು. ಮೂರ್ಛೆ, ಕಿವುಡು, ಜ್ವರಗಳಿಗೆ ಆಟವು ಮದ್ದಲ್ಲ; ಮೊದಲು ವೈದ್ಯರು ನೋಡಬೇಕು. ಮಗುವಿನ ಮೇಲೆ ಯಾರಾದರೂ ಲೈಂಗಿಕ ಅತ್ಯಾಚಾರ ಮಾಡಿದ ಸುಳಿವು ಆಟದಲ್ಲಿ ಸಿಕ್ಕರೆ 2012ರ ಪೋಕ್ಸೋ ಕಾಯಿದೆಯಂತೆ ತಿಳಿಸುವದು ಕಡ್ಡಾಯವಾಗಿದೆ. ಮನೆತನದ ಮಾನದ ಹೆಸರಿನಲ್ಲಿ ಅದನ್ನು ಮುಚ್ಚುವವರು ಅಪರಾಧಿಗೆ ಹೊದಿಕೆ ಹೊದಿಸಿದಂತೆ.

ಸಾಮಾನುಗಳಿಗಾಗಿ ಪರದೇಶದ ಕಡೆಗೆ ನೋಡಬೇಕಾದುದಿಲ್ಲ. ಕಟ್ಟಿಗೆ ಮಣ್ಣುಗಳಿಂದ ಮಾಡಿ ಬಣ್ಣ ತುಂಬಿದ ಆಟಿಗೆಗಳಿಗೆ ಗೋಕಾಕವು ಹೆಸರಾದ ಊರು. ಕರದಂಟಿಗಿಂತ ಆ ಕೀರ್ತಿಯು ಕಡಿಮೆಯದಲ್ಲ. ಆದರೆ ಅಲ್ಲಿಯ ಕಲೆಗಾರನು ನಿಜದ ಹಣ್ಣೆಂದು ಗಿಳಿಯೂ ಮೋಸಹೋಗುವಂತೆ ಮಾಡಿದ ಮಾವು, ಸೀತಾಫಲ, ಬಾಳೆಗಳು ಈಗ ಎಲ್ಲಿವೆ? ಸುಶಿಕ್ಷಿತರ ದಿವಾಣಖಾನೆಯ ಗಾಜಿನ ಕಪಾಟಿನಲ್ಲಿ, ಬೀಗದೊಳಗೆ. ಮಗುವು ಗಾಜಿಗೆ ಮೂಗು ಹಚ್ಚಿ ನೋಡಬೇಕು, ಮುಟ್ಟುವಂತಿಲ್ಲ. ಆಟಿಗೆಯು ಅಲಂಕಾರವಾದಾಗ ಕೊಳ್ಳುವವರೂ ಕಡಿಮೆಯಾದರು, ಮಾಡುವ ಮನೆತನಗಳೂ ಕಡಿಮೆಯಾದವು. ಅದೇ ಕಲೆಗಾರನಿಗೆ ಬೇರೆಯೊಂದು ಬೇಡಿಕೆಯನ್ನು ಕೊಟ್ಟು ನೋಡಬೇಕು: ಅಜ್ಜ, ಅಜ್ಜಿ, ಅಪ್ಪ, ಅವ್ವ, ತೊಟ್ಟಿಲ ಕೂಸು, ಒಬ್ಬ ಮಾಸ್ತರ, ಒಬ್ಬ ಪೋಲೀಸ, ಒಬ್ಬ ಡಾಕ್ಟರ, ಎರಡು ಎತ್ತು, ಒಂದು ಎಮ್ಮೆ, ನಾಯಿ, ಹಾವು, ಹುಲಿ, ಟ್ರ್ಯಾಕ್ಟರು, ಬಸ್ಸು, ದೋಣಿ, ಬಾಗಿಲು ತೆರೆಯುವ ಒಂದು ಮನೆ. ಬಣ್ಣವು ವಿಷವಿಲ್ಲದ್ದಾಗಿರಬೇಕು, ಬಿದ್ದರೆ ಮುರಿಯಬಾರದು, ಮುರಿದರೆ ಬಯ್ಯಬಾರದು. ಇಷ್ಟನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿ ಅಂಗನವಾಡಿಗೊಂದು, ಶಾಲೆಗೊಂದು, ತಾಲೂಕಿನ ಆಸ್ಪತ್ರೆಗೊಂದರಂತೆ ಕೊಡಿಸಲು ಸಕ್ಕರೆ ಕಾರಖಾನೆಗಳಿಗೂ ಸಹಕಾರಿ ಸಂಘಗಳಿಗೂ ಒಂದು ಹಂಗಾಮಿನ ಸತ್ಕಾರಸಮಾರಂಭಗಳ ಹೂಹಾರದ ಹಣವೇ ಸಾಕಾದೀತು. ಜೇಡಿಮಣ್ಣನ್ನಂತೂ ಕೊಳ್ಳಬೇಕಾದುದೇ ಇಲ್ಲ. ಘಟಪ್ರಭೆಯ ದಂಡೆಯಲ್ಲಿ ಬೇಕಾದಷ್ಟಿದೆ.